ವ್ಯಕ್ತಿತ್ವ ಸಿದ್ಧಾಂತದ ಒರೆಗಲ್ಲು: ಜೆನ್ನಿಯ ಪತ್ರಗಳು

ಆಂಗ್ಲ ಭಾಷೆಯ ‘ಪರ್ಸನಾಲಿಟಿ’ ಎಂಬ ಶಬ್ದಕ್ಕೆ ಮೂಲ ಲ್ಯಾಟಿನ್ನಿನ ‘ಪರ್ಸೋನ’. ನಟನು ರಂಗದ ಮೇಲೆ ಧರಿಸುತ್ತಿದ್ದ ಮುಖವಾಡಕ್ಕೆ ಆ ಹೆಸರಿತ್ತು. ಅದಕ್ಕೆ ಸಮಾನವಾಗಿ ಕನ್ನಡದಲ್ಲಿ ಬಳಕೆಗೆ ಬಂದಿರುವ ‘ವ್ಯಕ್ತಿತ್ವ’ವಾದರೋ ವ್ಯಕ್ತವಾದುದು, ಹೊರಗೆ ತೋರಿಕೊಂಡುದು ಎಂಬ ಅರ್ಥವನ್ನು ಗರ್ಭೀಕರಿಸಿಕೊಂಡಿದೆ. ಒಂದು ಶಬ್ದ ಮರೆಯಿಂದ ಹುಟ್ಟಿದೆ; ಇನ್ನೊಂದು ಪ್ರಕಾಶದಿಂದ. ಮನುಷ್ಯನು ಇನ್ನೊಬ್ಬ ಮನುಷ್ಯನಲ್ಲಿ ಕಾಣುವುದು ಅವನನ್ನೋ, ಅಥವಾ ಆ ಹೊತ್ತಿಗೆ, ಆ ನೋಡುವವನಿಗಾಗಿ ಅವನು ತಾಳಿದ ರೂಪವನ್ನೋ ಎಂಬ ಸಂದೇಹ ಈ ಎರಡು ಶಬ್ದಗಳ ನಡುವೆ ನಿಂತಿದೆ. ವ್ಯಕ್ತಿತ್ವವನ್ನು ಕುರಿತ ಆಧುನಿಕ ಮನಶ್ಶಾಸ್ತ್ರವು ಈ ಸಂದೇಹವನ್ನು ಹೇಗೆ ಎದುರಿಸಿತು, ಎಲ್ಲಿ ಅದನ್ನು ಬದಿಗೆ ಸರಿಸಿತು ಎಂಬುದನ್ನು ತಿಳಿಯಲು ಗಾರ್ಡನ್ ಆಲ್‌ಪೋರ್ಟ್ ಅವರು 1965ರಲ್ಲಿ ಸಂಪಾದಿಸಿ ಪ್ರಕಟಿಸಿದ ‘ಲೆಟರ್ಸ್ ಫ್ರಂ ಜೆನ್ನಿ’ ಒಂದು ಉತ್ತಮ ಒರೆಗಲ್ಲು.

ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್‌ಪೋರ್ಟ್ (1897–1967) ಗುಣಲಕ್ಷಣ ಸಿದ್ಧಾಂತದ ಆದ್ಯರಲ್ಲಿ ಒಬ್ಬರು. 1936ರಲ್ಲಿ ಅವರು ಆಡ್ಬರ್ಟ್ ಎಂಬ ವಿದ್ವಾಂಸರೊಡನೆ ಆಂಗ್ಲ ನಿಘಂಟನ್ನು ಜಾಲಾಡಿ ಮನುಷ್ಯ ಸ್ವಭಾವವನ್ನು ಸೂಚಿಸುವ 17,953 ಶಬ್ದಗಳನ್ನು ಪಟ್ಟಿಮಾಡಿದರು. ಅವುಗಳಲ್ಲಿ ಸ್ಥಿರ ಗುಣಗಳನ್ನು ಹೇಳುವವು 4,504 ಎಂದು ಬೇರ್ಪಡಿಸಿದರು. ಜನರ ನಡುವಣ ಮುಖ್ಯ ವ್ಯತ್ಯಾಸಗಳಿಗೆ ಭಾಷೆಯು ಆಗಲೇ ಹೆಸರು ಕೊಟ್ಟಿರುತ್ತದೆ ಎಂಬುದು ಈ ಶ್ರಮದ ಹಿಂದಿನ ನಂಬುಗೆ. ರೇಮಂಡ್ ಕ್ಯಾಟೆಲ್ ಅವರು ಇದೇ ಪಟ್ಟಿಯನ್ನು ಗಣಿತದ ಸಹಾಯದಿಂದ ಕುಗ್ಗಿಸುತ್ತ ಹೋಗಿ 16 ಮೂಲಗುಣಗಳಿಗೆ ತಂದು ನಿಲ್ಲಿಸಿದರು. ಅನಂತರದವರು ಅದನ್ನು 5ಕ್ಕೆ ಇಳಿಸಿದರು. ಇಂದಿನ ವ್ಯಕ್ತಿತ್ವ ಪರೀಕ್ಷೆಗಳ ಬಹುಭಾಗ ಈ ವಂಶಕ್ಕೆ ಸೇರಿದುದು.

ಆದರೆ ಪಟ್ಟಿಯನ್ನು ಮಾಡಿದ ಆಲ್‌ಪೋರ್ಟ್ ಅವರಿಗೇ ಪಟ್ಟಿಯಿಂದ ತೃಪ್ತಿಯಿರಲಿಲ್ಲ. ಎಲ್ಲರಿಗೂ ಸಾಮಾನ್ಯವಾದ ನಿಯಮಗಳನ್ನು ಹುಡುಕುವ ಶಾಸ್ತ್ರವು ಒಬ್ಬನೇ ಒಬ್ಬನಾದ ಮನುಷ್ಯನನ್ನು ಕೈತಪ್ಪಿಸಿಕೊಳ್ಳುತ್ತದೆ ಎಂಬುದು 1937ರ ಅವರ ಮಹಾಗ್ರಂಥದ ಮುಖ್ಯ ವಾದ. ದಿನಚರಿ, ಪತ್ರ, ಆತ್ಮಕಥನಗಳಂತಹ ವೈಯಕ್ತಿಕ ದಾಖಲೆಗಳು ಶಾಸ್ತ್ರಕ್ಕೆ ಹೇಗೆ ಉಪಯುಕ್ತವಾದಾವೆಂದು 1942ರಲ್ಲಿ ಅವರು ಪ್ರತ್ಯೇಕ ಪ್ರಬಂಧವನ್ನೇ ರಚಿಸಿದರು. ಜೆನ್ನಿಯ ಪತ್ರಗಳ ಸಂಪಾದನೆ ಆ ವಾದದ ಪ್ರಯೋಗರೂಪವಾಗಿದೆ.

ಜೆನ್ನಿ ಎಂಬುದು ಗೋಪ್ಯಕ್ಕಾಗಿ ಇಟ್ಟ ಹೆಸರು. ಆಕೆ ಐರ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಕೆನಡಾಕ್ಕೆ ಬಂದವಳು. ತಂದೆ ತೀರಿಕೊಂಡಾಗ ಓದು ಬಿಟ್ಟು, ತಂತಿ ಕಚೇರಿಯಲ್ಲಿ ದುಡಿದು ಒಡಹುಟ್ಟಿದವರನ್ನು ಸಾಕಿದಳು; ತಾನು ಮೆಚ್ಚಿದವನನ್ನು ಮದುವೆಯಾಗಿ ಆ ಒಡಹುಟ್ಟಿದವರನ್ನೇ ತೊರೆದಳು. ಮಗ ರಾಸ್ ಹುಟ್ಟುವ ಮೊದಲೇ ವಿಧವೆಯಾದಳು. ಮಗನ ಏಳಿಗೆಗಾಗಿ ತನ್ನ ಸುಖವನ್ನೆಲ್ಲ ಒತ್ತೆಯಿಟ್ಟಳು. ಮಗನು ಮೆಚ್ಚಿದ ಹೆಣ್ಣುಗಳನ್ನು ಮಾತ್ರ ಸಹಿಸಲಾರದೆ ಹೋದಳು. ರಾಸ್ 1929ರಲ್ಲಿ ತೀರಿಕೊಂಡನು. ಜೆನ್ನಿ ಸ್ತ್ರೀಯರ ನಿಲಯವೊಂದನ್ನು ಸೇರಿ 1937ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದಳು. ಈ ಹನ್ನೊಂದು ವರ್ಷಗಳಲ್ಲಿ, 1926ರಿಂದ ಮೊದಲ್ಗೊಂಡು, ಮಗನ ಸಹಪಾಠಿಯಾಗಿದ್ದ ಗ್ಲೆನ್ ಮತ್ತು ಆತನ ಪತ್ನಿ ಇಸಬೆಲ್ ಅವರಿಗೆ ಆಕೆ ಬರೆದ ಪತ್ರಗಳು 301.

ಈ ಪತ್ರಗಳಿಗೆ ಆಲ್‌ಪೋರ್ಟ್ ಒಂದೇ ವ್ಯಾಖ್ಯಾನವನ್ನು ಹೊರಿಸಲಿಲ್ಲ ಎಂಬುದು ಅವರ ಹಿರಿಮೆ. ಅಸ್ತಿತ್ವವಾದಿಯ ದೃಷ್ಟಿಯಲ್ಲಿ ಜೆನ್ನಿಯ ಬಾಳು ಏಕಾಂಗಿಯ ಅರ್ಥಾನ್ವೇಷಣೆ; ಮನೋವಿಶ್ಲೇಷಕನಿಗೆ ಅದು ಬಾಲ್ಯದಲ್ಲಿ ಬೇರುಬಿಟ್ಟ ಸುಪ್ತ ಸಂಘರ್ಷಗಳ ಫಲ; ಮೂರನೆಯದು ಗುಣಲಕ್ಷಣಗಳ ರಚನೆಯನ್ನು ಅರಸುವ ಮಾರ್ಗ. ಕೊನೆಯದೇ ಆಲ್‌ಪೋರ್ಟ್ ಅವರಿಗೆ ಪ್ರಿಯವಾದುದು. ಅವರು 36 ಮಂದಿ ಓದುಗರಿಂದ ಜೆನ್ನಿಯ ಗುಣಗಳನ್ನು ಹೇಳಿಸಿದರು. ಬಂದ ವಿಶೇಷಣಗಳು 198. ಅವು ಎಂಟು ಗುಂಪುಗಳಾಗಿ ಕೂಡಿಕೊಂಡವು. ಜಗಳಗಂಟಿ ಮತ್ತು ಸಂಶಯಗ್ರಸ್ತೆ, ಸ್ವಕೇಂದ್ರಿತೆ, ಸ್ವಾವಲಂಬಿ, ಕಲಾಭಿರುಚಿಯುಳ್ಳವಳು, ಭಾವುಕಳು ಮುಂತಾದವು ಆ ಗುಂಪಿನ ಹೆಸರುಗಳು. ಜೆಫ್ರಿ ಪೇಜ್ ಅವರು ಇದೇ ಪತ್ರಗಳ ಪದಗಳನ್ನು ಗಣಕಯಂತ್ರದಿಂದ ಎಣಿಸಿ ವಿಶ್ಲೇಷಿಸಿದಾಗಲೂ ಬಹುಮಟ್ಟಿಗೆ ಇಂಥವೇ ಎಂಟು ಅಂಶಗಳು ದೊರೆತವು.

ಈ ಹೊಂದಾಣಿಕೆ ಸಿದ್ಧಾಂತದ ಗೆಲುವೆಂದು ತೋರುತ್ತದೆ. ಆದರೆ ವಿಮರ್ಶೆ ಇಲ್ಲಿಂದಲೇ ಪ್ರಾರಂಭವಾಗಬೇಕು. ಮೊದಲನೆಯದಾಗಿ, ಹೆಸರಿಡುವುದು ಬೇರೆ, ಕಾರಣ ಹೇಳುವುದು ಬೇರೆ. ಜೆನ್ನಿ ಸಂಶಯಪಡುತ್ತಾಳೆ, ಆದುದರಿಂದ ಸಂಶಯಗ್ರಸ್ತೆ. ಸಂಶಯಗ್ರಸ್ತೆಯಾದುದರಿಂದ ಸಂಶಯಪಡುತ್ತಾಳೆ ಎಂದರೆ ವಾದವು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಎರಡನೆಯದಾಗಿ, ಮೂವತ್ತಾರು ಮಂದಿಯೂ ಯಂತ್ರವೂ ಓದಿದುದು ಅವೇ ಪತ್ರಗಳನ್ನು. ಅವರ ಏಕಾಭಿಪ್ರಾಯವು ಪತ್ರಗಳ ವಿಷಯದಲ್ಲಿ ಪ್ರಮಾಣವೇ ಹೊರತು, ಪತ್ರಗಳಾಚೆ ಬಾಳಿದ ಜೆನ್ನಿಯ ವಿಷಯದಲ್ಲಿ ಅಷ್ಟೇ ಪ್ರಮಾಣವಾಗಲಾರದು.

ಮೂರನೆಯ ಆಕ್ಷೇಪ ಇನ್ನೂ ಗಹನವಾದುದು. ಪತ್ರವೆಂಬುದು ಒಬ್ಬರಿಗಾಗಿ ಬರೆದುದು. ಪುಸ್ತಕದಲ್ಲಿ ಗ್ಲೆನ್ ಎಂದು ಕಾಣಿಸಿಕೊಂಡಿರುವವರು ಸ್ವತಃ ಆಲ್‌ಪೋರ್ಟ್, ಇಸಬೆಲ್ ಅವರ ಪತ್ನಿ ಅಡಾ ಎಂಬ ಸಂಗತಿ ಡೇವಿಡ್ ವಿಂಟರ್ ಅವರು 1993ರಲ್ಲಿ ಪ್ರಕಟಿಸಿದ ಲೇಖನದಿಂದ ಬೆಳಕಿಗೆ ಬಂದಿತು. ಜೆನ್ನಿಯ ಖಾಸಗಿತನವನ್ನು ಕಾಪಾಡಲು ಹೆಸರುಗಳನ್ನು ಮರೆಮಾಡಿದುದು ಯುಕ್ತವೇ. ಆದರೂ ಆ ಮರೆಯಲ್ಲಿ ಒಂದು ಶಾಸ್ತ್ರೀಯ ಸತ್ಯವೂ ಮುಚ್ಚಿಹೋಯಿತು. ಮಗನ ವಯಸ್ಸಿನ, ಮಗನ ಗೆಳೆಯನಾದ, ತಾಳ್ಮೆಯಿಂದ ಓದುತ್ತಿದ್ದ ಒಬ್ಬನೆದುರು ಮುಪ್ಪಿನ ತಾಯಿ ತೋಡಿಕೊಂಡ ಅಳಲು ಅದು. ಎಂಟು ಗುಣಗಳ ಪಟ್ಟಿಯಲ್ಲಿ ಆ ಕೇಳುಗನಿಗೆ ಸ್ಥಾನವಿಲ್ಲ. ಜಗಳಗಂಟಿ ಎನಿಸಿದ ಆ ಹೆಂಗಸು ಈ ದಂಪತಿಗಳೊಡನೆ ಮಾತ್ರ ಹನ್ನೊಂದು ವರ್ಷ ಸ್ನೇಹವನ್ನು ಕಡಿದುಕೊಳ್ಳದೆ ಉಳಿದಳೇಕೆ ಎಂಬ ಪ್ರಶ್ನೆಗೆ ಗುಣಪಟ್ಟಿ ಉತ್ತರಿಸಲಾರದು. ಸಂಬಂಧದ ಅಧ್ಯಯನ ಉತ್ತರಿಸಬಲ್ಲದು.

1968ರಲ್ಲಿ ವಾಲ್ಟರ್ ಮಿಷೆಲ್ ಅವರು ಒಂದು ಸನ್ನಿವೇಶದ ನಡತೆಯಿಂದ ಇನ್ನೊಂದರ ನಡತೆಯನ್ನು ಊಹಿಸುವಲ್ಲಿ ಗುಣಪರೀಕ್ಷೆಗಳ ಸಾಮರ್ಥ್ಯ ಅಲ್ಪವೆಂದು ತೋರಿಸಿದಾಗ, ಸ್ಥಿರ ವ್ಯಕ್ತಿತ್ವವೆಂಬುದೇ ಭ್ರಮೆಯೆಂದು ಕೆಲವರು ಭಾವಿಸಿದರು. ಅದು ಅತಿರೇಕ. ಮಿಷೆಲ್ ಅವರೇ ಶೋಡಾ ಅವರೊಡನೆ 1995ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಇಂಥ ಸನ್ನಿವೇಶದಲ್ಲಿ ಇಂಥ ನಡೆ ಎಂಬ ವಿನ್ಯಾಸವೇ ವ್ಯಕ್ತಿಯಲ್ಲಿ ಸ್ಥಿರವಾದುದು. ಜೆನ್ನಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ತನ್ನ ಪ್ರೀತಿಗೆ ಪಾಲುದಾರರು ಬಂದಾಗ ಆಕೆ ಕೆರಳುತ್ತಾಳೆ. ಕೇಳುವ ಕಿವಿ ದೊರೆತಾಗ ತೆರೆದುಕೊಳ್ಳುತ್ತಾಳೆ. ಎರಡೂ ಆಕೆಯೇ.

ಈ ವಿಚಾರ ವಿದ್ವಾಂಸರ ವಾಗ್ವಾದಕ್ಕಷ್ಟೇ ಸೀಮಿತವಾದುದಲ್ಲ. ನೌಕರಿಗೆ ಆರಿಸುವಾಗ, ಶಾಲೆಯಲ್ಲಿ ಮಗುವಿನ ಸ್ವಭಾವವನ್ನು ಬರೆದಿಡುವಾಗ, ಮನೆಯ ಹಿರಿಯರನ್ನು ಹಟಮಾರಿಯೆಂದು ಕರೆದು ಮಾತು ಮುಗಿಸುವಾಗ ನಡೆಯುವುದು ಇದೇ ಪ್ರಮಾದ: ಒಬ್ಬರ ಎದುರಿನ ನಡತೆಗೆ ಕೊಟ್ಟ ಹೆಸರು ಆ ವ್ಯಕ್ತಿಯ ಸ್ವರೂಪವೇ ಎನಿಸಿಕೊಳ್ಳುತ್ತದೆ, ಹೆಸರಿಟ್ಟವರ ಪಾಲು ಮರೆತುಹೋಗುತ್ತದೆ. ಮೂರು ವ್ಯಾಖ್ಯಾನಗಳ ಬಳಿಕವೂ ಜೆನ್ನಿ ಪೂರ್ಣವಾಗಿ ಕೈಗೆ ಸಿಕ್ಕಳೆಂದು ಆಲ್‌ಪೋರ್ಟ್ ಸಾಧಿಸಹೋಗಲಿಲ್ಲ. ಅವರ ಸಿದ್ಧಾಂತದ ಕೊರತೆಯನ್ನು ಎತ್ತಿ ತೋರಿಸಲು ಬೇಕಾದ ಸಾಮಗ್ರಿಯನ್ನು ಒದಗಿಸಿರುವುದೂ ಅವರ ಪುಸ್ತಕವೇ. ಪಟ್ಟಿಗೆ ಮುನ್ನ ಪತ್ರಗಳನ್ನು ಇಟ್ಟ ಆ ಪ್ರಾಮಾಣಿಕತೆಯಿಂದಲೇ ಕೃತಿ ಇಂದಿಗೂ ವಾಚನಯೋಗ್ಯವಾಗಿ ಉಳಿದಿದೆ.