ಮುದ್ರೆಯುಂಗುರ ಮತ್ತು ಹೆಬ್ಬೆಟ್ಟು

ತಾನು ಇಂಥವನೆಂದು ಒಬ್ಬನು ಹೇಳಿಕೊಂಡರೆ ಅದನ್ನು ನಂಬುವುದಕ್ಕೆ ಆಧಾರಗಳು ಮೂರು ಬಗೆ: ಅವನ ಕೈಯಲ್ಲಿರುವ ವಸ್ತು, ಅವನು ಬಲ್ಲ ಗುಟ್ಟು, ಅವನ ಮೈಯ ಲಕ್ಷಣ. ಇಂದಿನ ಸ್ಮಾರ್ಟ್ ಕಾರ್ಡು, ಅದರೊಡನೆ ಒತ್ತುವ ಗುಪ್ತಸಂಖ್ಯೆ, ಬೆರಳಚ್ಚು ಹಾಗೂ ಕಣ್ಣಿನ ಪಾಪೆಗಳ ಬಯೊಮೆಟ್ರಿಕ್ ಪರೀಕ್ಷೆ ಇವು ಕ್ರಮವಾಗಿ ಆ ಮೂರರ ಯಂತ್ರರೂಪಗಳು. ಇವುಗಳ ಹಿಂದಿರುವ ಪ್ರಶ್ನೆ ನಮ್ಮ ಪ್ರಾಚೀನ ಕವಿಗಳಿಗೆ ಚೆನ್ನಾಗಿ ತಿಳಿದಿದ್ದಿತಾದ ಕಾರಣ, ಸಾಹಿತ್ಯದ ಅಧ್ಯಾಪಕರಾದ ನಾವು ಇದನ್ನು ಇಲ್ಲಿ ವಿಚಾರಿಸುವುದು ಅನುಚಿತವಾಗಲಾರದು.

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ತೆಗೆದುಕೊಳ್ಳೋಣ. ಅಮಾತ್ಯ ರಾಕ್ಷಸನ ಹೆಸರುಳ್ಳ ಉಂಗುರವು ಚಂದನದಾಸನ ಮನೆಯಲ್ಲಿ ಜಾರಿ ಬಿದ್ದು, ಗೂಢಚಾರನ ಮೂಲಕ ಚಾಣಕ್ಯನ ಕೈ ಸೇರುತ್ತದೆ. ಚಾಣಕ್ಯನು ರಾಕ್ಷಸನ ಮಿತ್ರನಾದ ಶಕಟದಾಸನ ಕೈಯಿಂದಲೇ ಪತ್ರವೊಂದನ್ನು ಬರೆಯಿಸಿ, ಅದಕ್ಕೆ ಆ ಮುದ್ರೆಯನ್ನು ಒತ್ತಿಸುತ್ತಾನೆ. ಬರವಣಿಗೆಯೂ ನಿಜ, ಮುದ್ರೆಯೂ ನಿಜ. ಪತ್ರ ಮಾತ್ರ ಕಪಟ. ಮಲಯಕೇತು ಅದನ್ನು ನಂಬಿ ಕೆಡುತ್ತಾನೆ. 1974ರಲ್ಲಿ ಫ್ರಾನ್ಸಿನ ರೋಲಾಂ ಮೊರೆನೊ ಪೇಟೆಂಟ್ ಕೋರಿದ ಚಿಪ್ಪಿನ ಕಾರ್ಡು ಮುಂದೆ ಬೆಳೆದ ರೀತಿಯಲ್ಲಿ ಈ ಉಂಗುರಕ್ಕಿಂತ ಬಹಳ ಮೇಲಾದದ್ದು. ಅದರೊಳಗಿನ ರಹಸ್ಯ ಕೀಲಿ ಹೊರಕ್ಕೆ ಬರುವುದೇ ಇಲ್ಲ. ಓದುವ ಯಂತ್ರವು ಪ್ರತಿಸಲವೂ ಹೊಸದೊಂದು ಸಂಖ್ಯೆಯನ್ನು ಕೊಡುತ್ತದೆ, ಕಾರ್ಡು ಆ ಕೀಲಿಯಿಂದ ಗಣಿಸಿ ಉತ್ತರಿಸುತ್ತದೆ. ಆದುದರಿಂದ ಅದರ ನಕಲು ಕಷ್ಟಸಾಧ್ಯ. ಆದರೆ ಚಾಣಕ್ಯನು ನಕಲು ಮಾಡಲಿಲ್ಲವಷ್ಟೆ! ಕಾರ್ಡೇ ಬೇರೊಬ್ಬನ ಕೈಗೆ ಹೋದಾಗ, ಗುಪ್ತಸಂಖ್ಯೆಯೂ ಅವನಿಗೆ ತಿಳಿದಿದ್ದರೆ, ಯಂತ್ರಕ್ಕೆ ಅವನೇ ಒಡೆಯ.

ಮೈಗುರುತಿನಲ್ಲಿ ಈ ದೋಷವಿಲ್ಲವೆಂಬುದು ಸಾಮಾನ್ಯ ನಂಬಿಕೆ. ಕಳೆದ ಕಾರ್ಡನ್ನು ರದ್ದುಮಾಡಿ ಬೇರೊಂದನ್ನು ಕೊಡಬಹುದು, ಬೆರಳನ್ನು ಹಾಗೆ ಬದಲಾಯಿಸಲಾಗದು ಎಂಬ ಆಕ್ಷೇಪ ಪ್ರಸಿದ್ಧವಾದದ್ದೇ, ಅದನ್ನು ಬೆಳೆಸುವುದಿಲ್ಲ. ನಮಗೆ ಮುಖ್ಯವಾಗಿ ತೋರುವುದು ಬೇರೆ. ಒಂದೇ ಬೆರಳಿನ ಎರಡು ಅಚ್ಚುಗಳು ಸರ್ವಥಾ ಒಂದೇ ಆಗಿರುವುದಿಲ್ಲ. ಯಂತ್ರವು ಅಳೆಯುವುದು ಸಾದೃಶ್ಯವನ್ನು; ಅದು ಎಷ್ಟಿದ್ದರೆ ಸಾಕು ಎಂಬ ಮಿತಿಯನ್ನು ಮನುಷ್ಯರು ಗೊತ್ತುಮಾಡುತ್ತಾರೆ. ಮಿತಿಯನ್ನು ಏರಿಸಿದರೆ ವಂಚಕನೊಡನೆ ನಿಜವಾದವನೂ ಹೊರಗುಳಿಯುತ್ತಾನೆ. ಇಳಿಸಿದರೆ ವಂಚಕನೂ ಒಳಬರುತ್ತಾನೆ. ಕಲ್ಲು ಒಡೆದು, ಕಳೆ ಕಿತ್ತು ಸವೆದ ಬೆರಳಿಗೆ ಈ ಲೆಕ್ಕಾಚಾರ ಕಠಿಣವಾದದ್ದು. 2016-17ರ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆಯೇ ಆಧಾರ್ ದೃಢೀಕರಣದ ವೈಫಲ್ಯ ಜಾರ್ಖಂಡಿನಲ್ಲಿ ನೂರಕ್ಕೆ 49, ರಾಜಸ್ಥಾನದಲ್ಲಿ 37, ಗುಜರಾತಿನಲ್ಲಿ 6 ಎಂಬ ಅಂದಾಜುಗಳನ್ನು ಎತ್ತಿ ಹೇಳಿತು. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2018ರ ಸೆಪ್ಟೆಂಬರ್ 26ರಂದು ನ್ಯಾಯಪೀಠವು ನಾಲ್ಕಕ್ಕೆ ಒಂದರ ಬಹುಮತದಿಂದ ಸರ್ಕಾರಿ ಸವಲತ್ತುಗಳ ಮಟ್ಟಿಗೆ ಅದನ್ನು ಎತ್ತಿಹಿಡಿಯಿತು.

ಗುರುತಿನ ಪರೀಕ್ಷೆ ತಪ್ಪಿದಾಗ ಅದರ ಫಲವನ್ನು ಉಣ್ಣುವವರಾರು? ಕಾಳಿದಾಸನ ‘ಶಾಕುಂತಲ’ದ ಐದನೆಯ ಅಂಕವನ್ನು ಈ ದೃಷ್ಟಿಯಿಂದ ಓದಬೇಕೆಂಬುದು ನಮ್ಮ ಸೂಚನೆ. ಅಲ್ಲಿ ಮೂರು ಆಧಾರಗಳೂ ಸೋಲುತ್ತವೆ. ಉಂಗುರ ನೀರುಪಾಲಾಗಿದೆ, ಇಬ್ಬರೇ ಬಲ್ಲ ಜಿಂಕೆಮರಿಯ ಪ್ರಸಂಗವನ್ನು ಹೇಳಿದರೆ ಅದು ಹೆಂಗಸಿನ ಚಾತುರ್ಯವೆನಿಸಿಕೊಳ್ಳುತ್ತದೆ, ಸಾಕ್ಷಾತ್ ಶಕುಂತಲೆಯೇ ಎದುರಿಗೆ ನಿಂತರೂ ಗುರುತಾಗುವುದಿಲ್ಲ. ಶಾಪದಿಂದ ಕೆಟ್ಟಿರುವುದು ಪರೀಕ್ಷಿಸುವವನ ಸ್ಮೃತಿ. ಆದರೂ ಹೊರಬೀಳುವವಳು ಅವಳು.

ವ್ಯಾಸಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ರಾಜನಿಗೆ ಎಲ್ಲವೂ ನೆನಪಿದೆ, ನೆನಪಿದ್ದೂ ಅರಿಯೆನೆನ್ನುತ್ತಾನೆ. ಅಶರೀರವಾಣಿ ನುಡಿದ ಮೇಲೆ, ಬರಿಯ ಇವಳ ಮಾತಿನ ಮೇಲೆ ಒಪ್ಪಿದ್ದರೆ ಲೋಕ ಶಂಕಿಸುತ್ತಿತ್ತೆಂದು ಸಮಾಧಾನ ಹೇಳುತ್ತಾನೆ. ಕಾಳಿದಾಸನು ತನ್ನ ನಾಯಕನನ್ನು ಉಳಿಸಲು ಇದನ್ನು ಬದಲಾಯಿಸಿದನೆಂದು ವಿಮರ್ಶಕರು ಹೇಳುವುದುಂಟು. ನಾಟಕದ ಮಟ್ಟಿಗೆ ಅದು ಸರಿ. ಆದರೆ ನಮ್ಮ ಕಾಲಕ್ಕೆ ವ್ಯಾಸರ ಕಥೆಯೇ ಹೆಚ್ಚು ಹತ್ತಿರವಾದದ್ದೆಂದು ನಮಗೆ ತೋರುತ್ತದೆ. ನ್ಯಾಯಬೆಲೆ ಅಂಗಡಿಯವನು ಎದುರಿಗಿರುವ ಮುದುಕಿಯನ್ನು ಇಪ್ಪತ್ತು ವರ್ಷಗಳಿಂದ ಬಲ್ಲ. ಹೆಬ್ಬೆಟ್ಟು ಹೊಂದಲಿಲ್ಲವೆಂದು ಯಂತ್ರ ಹೇಳಿದರೆ, ಬಲ್ಲೆನೆಂಬ ಅವನ ಮಾತಿಗೆ ಲೆಕ್ಕದ ಪುಸ್ತಕದಲ್ಲಿ ಸ್ಥಳವಿರಬೇಕು. ಆ ಸ್ಥಳವನ್ನು ಕೊಡುವುದು ಯಂತ್ರಶಿಲ್ಪಿಗಳ ಕೆಲಸವಲ್ಲ, ನಿಯಮಗಳನ್ನು ಬರೆಯುವವರದು.