ಶಾಹು ಸ್ಟೇಡಿಯಮ್ಮಿನಿಂದ ಬ್ಲ್ಯಾಕ್‌ಬರ್ನಿಗೆ

ಕೊಲ್ಹಾಪುರದ ಫುಟ್ಬಾಲ್ ತಂಡಗಳ ಹೆಸರು ಕೇಳಿದರೆ ಅವುಗಳ ಹುಟ್ಟು ತಿಳಿಯುತ್ತದೆ: ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು, ಖಂಡೋಬಾ ತಾಲೀಮು. ಕುಸ್ತಿಯ ಗರಡಿಗಳೇ ಇಲ್ಲಿ ಚೆಂಡಾಟಕ್ಕೂ ಮನೆಯಾದವು. ಶಾಹು ಸ್ಟೇಡಿಯಮ್ಮಿನಲ್ಲಿ ಎರಡು ಪೇಟೆಗಳ ತಂಡಗಳು ಎದುರಾದ ದಿನ ಊರಿಗೆ ಊರೇ ಬಣ್ಣ ಹಂಚಿಕೊಂಡು ನಿಲ್ಲುತ್ತದೆ. ಸಂಕೇಶ್ವರದಾಚೆಯ ಗಡಹಿಂಗ್ಲಜದಲ್ಲಿ, ಮನೆಯಲ್ಲಿ ಕನ್ನಡವಾಡುವವರಿಗೂ ದೀಪಾವಳಿಯೆಂದರೆ ಫುಟ್ಬಾಲ್ ಟೂರ್ನಿಯ ಕಾಲ.

ಇಂಥ ಕೊಲ್ಹಾಪುರದ ಹುಡುಗ ಅನಿಕೇತ್ ಜಾಧವ್. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಮುಂಪಡೆಯಲ್ಲಿ ಆಡಿದ. ಭಾರತ ಮೂರೂ ಪಂದ್ಯ ಸೋತಿತು, ಆದರೂ ಅವನ ಓಟ ನನ್ನ ಕಣ್ಣಲ್ಲಿ ಉಳಿಯಿತು. ಅದಾದ ಮೇಲೆ ಮೂರು ತಿಂಗಳ ತರಬೇತಿಗೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಅಂಗಳಕ್ಕೆ ಹೋದ. 1875ರಲ್ಲಿ ಹುಟ್ಟಿದ ಆ ಕ್ಲಬ್ಬನ್ನು 2010ರಲ್ಲಿ ಪುಣೆಯ ವೆಂಕೀಸ್ ಕಂಪನಿ ಕೊಂಡಿತ್ತು. ಇಚಲಕರಂಜಿಯ ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಬ್ಲ್ಯಾಕ್‌ಬರ್ನ್ ಅಪರಿಚಿತವೆನಿಸಲಾರದು. ಅದೂ ಹತ್ತಿ ನೇಯ್ದೇ ದೊಡ್ಡದಾದ ಊರು.

ಆದರೆ ಅನಿಕೇತ್ ಮನೆ ಬಿಟ್ಟದ್ದು ಇಂಗ್ಲೆಂಡಿಗೆ ಹೊರಟಾಗಲ್ಲ. ಎಳವೆಯಲ್ಲೇ ಪುಣೆಯ ಕ್ರೀಡಾ ಪ್ರಬೋಧಿನಿ ಎಂಬ ಕ್ರೀಡಾಶಾಲೆ ಸೇರಿದಾಗಲೇ ಬಿಟ್ಟಿದ್ದ. ತಾಲೀಮುಗಳ ಮೇಲೆ ನನಗಿರುವ ಅಸಮಾಧಾನ ಇದೇ. ದೊಡ್ಡವರ ಪಂದ್ಯಕ್ಕೆ ಅಷ್ಟೊಂದು ಜನ, ದುಡ್ಡು, ಜಿದ್ದು. ಹತ್ತು ಹನ್ನೆರಡರ ಹುಡುಗರನ್ನು ವರ್ಷವಿಡೀ ತಿದ್ದುವ ಕೋಚಿಗೆ ಅದರಲ್ಲಿ ಒಂದಿಷ್ಟಾದರೂ ಸಲ್ಲಬೇಡವೇ?

ಇಂಗ್ಲೆಂಡಿನ ಬಾಗಿಲಿನದು ಬೇರೆ ಕಷ್ಟ. ಅಲ್ಲಿ ತರಬೇತಿ ಪಡೆಯಬಹುದು, ಕರಾರಿಗೆ ಸಹಿ ಹಾಕಿ ಆಡುವುದಕ್ಕೆ ಕೆಲಸದ ಪರವಾನಗಿ ಬೇಕು. ಆ ಪರವಾನಗಿ ಆಟಗಾರನ ಕಾಲನ್ನಷ್ಟೇ ನೋಡುವುದಿಲ್ಲ, ಅವನ ದೇಶದ ಫಿಫಾ ರ‍್ಯಾಂಕಿಂಗನ್ನೂ ನೋಡುತ್ತದೆ. 2009ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕರೆದರೂ ಸುನಿಲ್ ಚೆಟ್ರಿಗೆ ಹೋಗಲಾಗದ್ದು ಇದರಿಂದಲೇ. ಆಗಿನ ನಿಯಮ ಕೇಳುತ್ತಿದ್ದ ಮೊದಲ 70 ದೇಶಗಳಲ್ಲಿ ಭಾರತ ಇರಲಿಲ್ಲ. ಚೆಟ್ರಿಯಂಥ ಗೋಲುಗಾರರಿಗೇ ಸಿಗದ್ದು ಹದಿಹರೆಯದ ಹುಡುಗನಿಗೆ ಸಿಕ್ಕೀತೆಂದು ನಂಬುವುದು ಕಷ್ಟವಿತ್ತು. ಅನಿಕೇತ್ ಮರಳಿ ಬಂದು ಜಮ್ಶೆಡ್‌ಪುರದ ಪರ, ಆಮೇಲೆ ಹೈದರಾಬಾದಿನ ಪರ ಆಡಿದ.

ಭಾರತದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಹಿಡಿದ ದಾರಿ ನನಗೆ ಹೆಚ್ಚು ಮೆಚ್ಚುಗೆ. 2014ರಲ್ಲಿ ನಾರ್ವೆಯ ಸ್ತಾಬೆಕ್ ಸೇರಿ, ಬೆಂಚಿನ ಮೇಲೆ ತಾಳ್ಮೆಯಿಂದ ಕಾದು, 2016ರಲ್ಲಿ ಯುರೋಪಾ ಲೀಗ್ ಅರ್ಹತಾ ಸುತ್ತಿನಲ್ಲಿ ಗೋಲು ಕಾದರು. ಮರುವರ್ಷ ನಮ್ಮ ಬೆಂಗಳೂರು ಎಫ್‌ಸಿಗೆ ಬಂದಾಗ ಅವರು ಪಳಗಿದ ಗೋಲ್‌ಕೀಪರ್ ಆಗಿದ್ದರು. ಕೊಲ್ಹಾಪುರದಿಂದಲೋ ಗಡಹಿಂಗ್ಲಜದಿಂದಲೋ ಹೊರಡುವ ಮುಂದಿನ ಹುಡುಗನಿಗೆ ದೊಡ್ಡ ಹೆಸರಿನ ಕ್ಲಬ್ಬಿನ ಮೂರು ತಿಂಗಳಿಗಿಂತ ಸಣ್ಣ ಲೀಗೊಂದರ ಮೂರು ವರ್ಷ ಸಿಗಲಿ.