ಊರಿನ ಬಾನುಲಿಯ ಮಾತು: ಸುದ್ದಿ ಮತ್ತು ಸಂಸಾರಗಳ ನಡುವಿನ ಗೆರೆ

ಬಾನುಲಿಯೆಂದೊಡನೆ ನಮ್ಮ ವಿದ್ವಾಂಸರ ಗಮನವು ಮೊದಲು ಸಂಗೀತ, ನಾಟಕ, ಕವಿಗೋಷ್ಠಿಗಳ ಕಡೆಗೆ ಹೋಗುವುದು ಸಹಜ. ಇವೆಲ್ಲವುಗಳ ನಡುವೆ ಬಾನುಲಿಯು ದಿನವೂ ಆಡುತ್ತ ಬಂದಿರುವ ಸಾಮಾನ್ಯವಾದ ಮಾತು ವಿಮರ್ಶೆಗೆ ಒಳಗಾದದ್ದು ಕಡಮೆ. ಊರಿನ ಸಮಾಚಾರ, ಆಡಳಿತ, ಆರೋಗ್ಯ, ಗೃಹಕೃತ್ಯ ಈ ನಾಲ್ಕು ವಿಷಯಗಳನ್ನು ಊರಿನವರೇ ಕುಳಿತು ಮಾತನಾಡುವ ಸ್ಥಳೀಯ ಬಾನುಲಿಯನ್ನು ಕುರಿತು ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ನಮ್ಮ ದೇಶದ ನಿಯಮವು ಈ ನಾಲ್ಕರಲ್ಲಿ ಮೊದಲ ಎರಡನ್ನು ಒಂದು ಕಡೆಗೂ ಉಳಿದ ಎರಡನ್ನು ಇನ್ನೊಂದು ಕಡೆಗೂ ವಿಂಗಡಿಸಿ, ನಡುವೆ ಒಂದು ಗೆರೆಯನ್ನು ಎಳೆದಿದೆ. ಈ ಗೆರೆ ನಿಲ್ಲತಕ್ಕುದೇ ಎಂಬುದೇ ನಮ್ಮ ಪ್ರಶ್ನೆ.

ಸ್ಥಳೀಯ ಬಾನುಲಿ ನಮಗೆ ಹೊರಗಿನಿಂದ ಬಂದ ಹೊಸ ವಸ್ತುವಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ 30 ವ್ಯಾಟ್ ಶಕ್ತಿಯ ಪ್ರೇಷಕವೊಂದನ್ನು ಇಟ್ಟುಕೊಂಡು ಬಿತ್ತರಣೆಯನ್ನು ಆರಂಭಿಸಿದರು. ಆ ನಿಲಯವೇ ‘ಆಕಾಶವಾಣಿ’ ಎಂಬ ಹೆಸರನ್ನು ಧರಿಸಿ, ಮುಂದೆ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಆಡಳಿತಕ್ಕೂ 1950ರಲ್ಲಿ ಆಲ್ ಇಂಡಿಯಾ ರೇಡಿಯೋದ ಆಡಳಿತಕ್ಕೂ ಸೇರಿತು. ಒಬ್ಬ ಅಧ್ಯಾಪಕನ ಮನೆಯಿಂದ ಒಂದು ಊರಿನ ಮನೆಗಳಿಗೆ ಮಾತು ಹರಿದದ್ದು ಅಲ್ಪವಾದ ಸಾಧನೆಯಲ್ಲ. ಆದರೆ ಆ ಮಾತು ಬಲ್ಲವರಿಂದ ಕೇಳುವವರ ಕಡೆಗೆ ಒಂದೇ ದಿಕ್ಕಿನಲ್ಲಿ ಹರಿಯುವಂಥದು. ಕೇಳಿದವರು ಮರುಮಾತನಾಡುವ ಏರ್ಪಾಡು ಆ ಕಾಲದ ಬಾನುಲಿಯ ಕಲ್ಪನೆಯಲ್ಲಿ ಇನ್ನೂ ಸೇರಿರಲಿಲ್ಲ.

ಮರುಮಾತಿನ ಮಹತ್ವವನ್ನು ನಮ್ಮ ದೇಶದಲ್ಲಿ ಕ್ರಮವಾಗಿ ಪರೀಕ್ಷಿಸಿದ ಪ್ರಯೋಗ ನೆರೆಯ ಮರಾಠೀ ಪ್ರದೇಶದಲ್ಲಿ ನಡೆಯಿತು. 1956ರಲ್ಲಿ ಆಲ್ ಇಂಡಿಯಾ ರೇಡಿಯೋ ಯುನೆಸ್ಕೊದ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರ ಬಾನುಲಿ ಕೂಟಗಳನ್ನು ಏರ್ಪಡಿಸಿತು. ಪುಣೆಯ ನಿಲಯದಿಂದ ಬಂದ 20 ಕಾರ್ಯಕ್ರಮಗಳನ್ನು ಹಳ್ಳಿಗರು ಒಟ್ಟಾಗಿ ಕುಳಿತು ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳುಹಿಸಿದರು. ಇದನ್ನು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನೊಯ್ರಾತ್ ಎಂಬ ವಿದ್ವಾಂಸರು ಅಧ್ಯಯನ ಮಾಡಿದರು. ಕೂಟಗಳಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಗಮನಾರ್ಹವಾಗಿ ಬೆಳೆದುದನ್ನೂ, ಕೂಟಗಳು ಹಳ್ಳಿಯ ಹಿತದ ವಿಚಾರಗಳಲ್ಲಿ ನಿರ್ಣಯಕ್ಕೆ ತೊಡಗಿದುದನ್ನೂ ಅವರು ಕಂಡರು. ಬೇಸಾಯದ ಉಪದೇಶವಾಗಿ ಹೊರಟ ಮಾತು ಚರ್ಚೆಗೆ ಒದಗಿದೊಡನೆ ಊರಿನ ವ್ಯವಹಾರವಾಗಿ ಪರಿಣಮಿಸಿತು. ಇದು ಆಕಸ್ಮಿಕವಲ್ಲ, ಮಾತಿನ ಸ್ವಭಾವವೇ ಅದು ಎಂದು ನಾವು ಭಾವಿಸುತ್ತೇವೆ.

ಈ ಹಿನ್ನೆಲೆಯಲ್ಲಿ ಇಂದಿನ ನಿಯಮಗಳು ರೂಪುಗೊಂಡ ಬಗೆಯನ್ನು ನೋಡಬೇಕು. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಮರುವರ್ಷವೇ ಬೆಂಗಳೂರಿನಲ್ಲಿ ಕೂಡಿದ ಸಭೆಯೊಂದು ಸಮುದಾಯ ಬಾನುಲಿಗೆ ಅವಕಾಶ ಕೊಡಬೇಕೆಂದು ಘೋಷಣೆಯನ್ನು ಹೊರಡಿಸಿತು. ಆದರೂ 2002ರ ಕೊನೆಯಲ್ಲಿ ದೊರೆತ ಅನುಮತಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಮೀಸಲಾಯಿತು. ಅದರಿಂದ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯಂತಹ ಪ್ರಯತ್ನವು ತರಂಗದ ಆಸೆಯನ್ನು ಬಿಟ್ಟು ತಂತಿಯ ಮೂಲಕ ಮನೆಗಳಿಗೆ ಮಾತನ್ನು ತಲಪಿಸಬೇಕಾಯಿತು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲನ್ನು ತೆರೆಯಿತು. ಪ್ರೇಷಕದ ವಿಕಿರಣಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿರಬೇಕು ಎಂಬ ಕಟ್ಟಳೆಗಳು ಯುಕ್ತವಾಗಿಯೇ ಇವೆ. ಆದರೆ ಅವುಗಳೊಡನೆ ಸುದ್ದಿಯನ್ನೂ ಪ್ರಚಲಿತ ವಿಚಾರಗಳನ್ನೂ ರಾಜಕೀಯ ಸ್ವರೂಪದ ಮಾತನ್ನೂ ಬಿತ್ತರಿಸಕೂಡದೆಂಬ ನಿಷೇಧವೂ ಸೇರಿಕೊಂಡಿತು. ಅನಂತರ ಬಂದ ಸಡಿಲಿಕೆ ಸರಕಾರಿ ಆಕಾಶವಾಣಿಯ ವಾರ್ತೆಯನ್ನು ಮರುಬಿತ್ತರಿಸುವುದಕ್ಕೆ ಸೀಮಿತವಾದುದು. ದಿಲ್ಲಿಯ ವಾರ್ತೆಯನ್ನು ಹೇಳಬಹುದು, ತನ್ನೂರಿನ ವಾರ್ತೆಯನ್ನು ತಾನೇ ಸಂಗ್ರಹಿಸಿ ಹೇಳುವಂತಿಲ್ಲ ಎಂಬ ವಿಚಿತ್ರವಾದ ಸ್ಥಿತಿ ಇದರಿಂದ ಒದಗಿದೆ.

ಗೆರೆಯ ಈಚೆಗೆ ಉಳಿದ ಆರೋಗ್ಯ, ಗೃಹಕೃತ್ಯಗಳ ಮಾತು ಇಷ್ಟರಿಂದ ಕ್ಷೇಮವಾಗಿ ನಡೆಯಬಲ್ಲದೇ? ಕೋಲಾರ ಜಿಲ್ಲೆಯಿಂದಲೇ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಅಲ್ಲಿಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡಿನ ಅಂಶ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಮನ್ನು ದಾಟಿದ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಅಂಶ ಇನ್ನೂ ಹೆಚ್ಚಾದರೆ ಮೂಳೆಗಳೂ ಕೆಡುತ್ತವೆ. ವೈದ್ಯರೊಬ್ಬರು ಬಾನುಲಿಯಲ್ಲಿ ಇದನ್ನು ವಿವರಿಸುತ್ತಾರೆಂದೂ, ತಾಯಿಯೊಬ್ಬಳು ನೀರನ್ನು ಕುದಿಸಿ ಕೊಟ್ಟರೆ ಸಾಕೇ ಎಂದು ಕೇಳುತ್ತಾಳೆಂದೂ ಭಾವಿಸೋಣ. ಸಾಲದು ಎಂದೇ ಉತ್ತರ ಹೇಳಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬೇರೆ ಮೂಲದ ನೀರು ಅಥವಾ ಶುದ್ಧೀಕರಣದ ಘಟಕ ಬೇಕು. ಹಾಗಾದರೆ ನಮ್ಮೂರಿನ ಘಟಕ ಏಕೆ ನಿಂತಿದೆ, ಅದನ್ನು ನಡೆಸತಕ್ಕವರು ಯಾರು ಎಂಬುದು ಆಕೆಯ ಮುಂದಿನ ಪ್ರಶ್ನೆಯಾಗದೆ ಇರದು. ಮೊದಲನೆಯ ಪ್ರಶ್ನೆ ಆರೋಗ್ಯಕ್ಕೂ ಮನೆಗೂ ಸೇರಿದ್ದು; ಎರಡನೆಯದು ಸುದ್ದಿ ಮತ್ತು ಆಡಳಿತ. ಎರಡನ್ನೂ ಕೇಳಿದವಳು ಒಬ್ಬಳೇ, ಕೇಳಿದ್ದೂ ಒಂದೇ ಮಗುವಿನ ಸಲುವಾಗಿ. ಗೆರೆಯನ್ನು ಎಳೆದವರು ಅದನ್ನು ಆಕೆಯ ಎರಡು ವಾಕ್ಯಗಳ ನಡುವೆಯೇ ಎಳೆದಂತಾಯಿತು.

2011ರ ಖಾಸಗಿ ಎಫ್.ಎಂ. ನೀತಿಯಲ್ಲಿ ಈ ವಿಂಗಡಣೆಯ ತೊಡಕು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವಿದ್ಯುತ್ತು, ನೀರು ಮುಂತಾದ ಪೌರ ಸೌಕರ್ಯಗಳ ಪ್ರಕಟಣೆಗಳನ್ನು ಅದು ಸುದ್ದಿಯಲ್ಲವೆಂದು ಗಣಿಸಿ ಅವಕಾಶ ಕೊಟ್ಟಿತು. ನಾಳೆ ನೀರು ಬರುವುದಿಲ್ಲವೆಂದು ಹೇಳುವುದು ಪ್ರಕಟಣೆ, ಏಕೆ ಬರುವುದಿಲ್ಲವೆಂದು ವಿಚಾರಿಸುವುದು ಸುದ್ದಿ ಎಂದಾಯಿತಷ್ಟೆ. ಕಾರಣವನ್ನು ಕೇಳದ ಮಾತು ಕ್ರಮೇಣ ಉಪದೇಶವಾಗುವುದು ಅನಿವಾರ್ಯ. ಕೈ ತೊಳೆಯಿರಿ, ಸೊಳ್ಳೆ ಬೆಳೆಯದಂತೆ ನೋಡಿಕೊಳ್ಳಿರಿ, ಮಕ್ಕಳಿಗೆ ಹಸಿರು ತರಕಾರಿ ಕೊಡಿರಿ ಎಂಬ ಹಿತವಚನಗಳಲ್ಲಿ ತಪ್ಪಿಲ್ಲ. ಇವುಗಳನ್ನಷ್ಟೇ ನಿತ್ಯವೂ ಕೇಳುವ ಬಡ ಗೃಹಿಣಿಗೆ ಎಲ್ಲ ಲೋಪವೂ ತನ್ನದೇ ಎಂಬ ಭಾವನೆ ಬರುತ್ತದೆ. ನಿಷೇಧದಿಂದ ಆಗುವ ನಿಜವಾದ ಹಾನಿ ಇದೆಂದು ನಾವು ಹೇಳಬಯಸುತ್ತೇವೆ.

ಎದುರು ಪಕ್ಷದ ವಾದವನ್ನು ಲಘುವಾಗಿ ಕಾಣಲಾಗದು. ಆಫ್ರಿಕ ಖಂಡದ ರುವಾಂಡದಲ್ಲಿ 1993ರಲ್ಲಿ ಆರಂಭವಾದ ಮಿಲ್ ಕೊಲ್ಲಿನ್ ಎಂಬ ಬಾನುಲಿ ಹಾಡು, ಹಾಸ್ಯ, ಬೀದಿಯ ಭಾಷೆಯ ಹರಟೆಗಳಿಂದ ಜನರನ್ನು ಒಲಿಸಿಕೊಂಡು, 1994ರ ನರಮೇಧದಲ್ಲಿ ಟುಟ್ಸಿ ಜನರ ಕೊಲೆಗೆ ಪ್ರಚೋದನೆ ಕೊಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬನಾದ ಫರ್ಡಿನಾಂಡ್ ನಹಿಮಾನನು ಇತಿಹಾಸದ ಪ್ರಾಧ್ಯಾಪಕನಾಗಿದ್ದನೆಂಬುದನ್ನು ಇತಿಹಾಸವನ್ನು ಬೋಧಿಸುವ ನಾವು ಮರೆಯಕೂಡದು. ಅಂತರರಾಷ್ಟ್ರೀಯ ನ್ಯಾಯಮಂಡಲಿ 2003ರಲ್ಲಿ ಅವನನ್ನು ಅಪರಾಧಿಯೆಂದು ನಿರ್ಣಯಿಸಿತು. 2007ರಲ್ಲಿ ಮೇಲ್ಮನವಿಯ ಪೀಠ ಕೆಲವು ಆರೋಪಗಳನ್ನು ತೆಗೆದುಹಾಕಿ ಶಿಕ್ಷೆಯನ್ನು 30 ವರ್ಷಕ್ಕೆ ಇಳಿಸಿತು. ಆದರೆ ಈ ದೃಷ್ಟಾಂತವನ್ನು ಸರಿಯಾಗಿ ಓದಬೇಕು. ಆ ನಿಲಯವು ಅಧಿಕಾರದಲ್ಲಿದ್ದವರಿಗೆ ಆಪ್ತರಾದವರದು; ಅಧಿಕಾರವನ್ನು ಪ್ರಶ್ನಿಸುವ ಊರಿನ ಬಾನುಲಿಯಲ್ಲ. ಅಲ್ಲಿ ಶಿಕ್ಷಾರ್ಹವಾದದ್ದು ದ್ವೇಷ ಮತ್ತು ಹಿಂಸೆಯ ಪ್ರಚೋದನೆ. ಅದನ್ನು ತಡೆಯುವ ಕಾನೂನು ನಮ್ಮಲ್ಲಿ ಇದೆ, ಬಾನುಲಿಗೂ ಅನ್ವಯಿಸುತ್ತದೆ. ಪತ್ರಿಕೆಗೂ ದೂರದರ್ಶನದ ಖಾಸಗಿ ವಾಹಿನಿಗೂ ಇಲ್ಲದ ಸುದ್ದಿನಿಷೇಧ, ಕೆಲವೇ ಮೈಲಿಗಳ ಆಚೆಗೆ ಕೇಳಿಸದ ಸಣ್ಣ ನಿಲಯಕ್ಕೆ ಮಾತ್ರ ಏಕೆಂಬ ಪ್ರಶ್ನೆಗೆ ರುವಾಂಡದಿಂದ ಉತ್ತರ ದೊರೆಯುವುದಿಲ್ಲ. 2013ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆಯು ಈ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಖಾಸಗಿ ಎಫ್.ಎಂ. ನಿಲಯಗಳು ಗಂಟೆಗೆ 10 ನಿಮಿಷ ಮೀರದಂತೆ ಸುದ್ದಿಯನ್ನು ಬಿತ್ತರಿಸಬಹುದೆಂದು ಶಿಫಾರಸು ಮಾಡಿತು. ವಾಣಿಜ್ಯ ನಿಲಯಕ್ಕೆ ಯೋಗ್ಯವೆಂದು ತೋರಿದುದು ಸಮುದಾಯದ ನಿಲಯಕ್ಕೆ ಅಯೋಗ್ಯವಾಗಲಾರದು.

ಆದರೂ ಎಲ್ಲ ದೋಷವನ್ನೂ ಕಾನೂನಿನ ಮೇಲೆ ಹೊರಿಸಿದರೆ ವಿಮರ್ಶೆ ಪೂರ್ಣವಾಗದು. ಇಲಾಖೆಗಳು ಸಿದ್ಧಪಡಿಸಿಕೊಟ್ಟುದನ್ನು ಓದಿ ಮುಗಿಸುವುದೂ, ಕರೆಮಾಡಿದವರ ಹೆಸರು, ಊರು, ಮೆಚ್ಚಿನ ಹಾಡು ಇಷ್ಟನ್ನು ವಿಚಾರಿಸಿ ಸಂಭಾಷಣೆಯನ್ನು ನಿಲ್ಲಿಸುವುದೂ ನಿಯಮ ವಿಧಿಸಿದ ಅನಿವಾರ್ಯಗಳಲ್ಲ, ಅಭ್ಯಾಸದ ಆಲಸ್ಯಗಳು. ಒಂದು ಕಾರ್ಯಕ್ರಮದ ಯೋಗ್ಯತೆಯನ್ನು ಅಳೆಯಲು ನಾವು ಮೂರು ಪ್ರಶ್ನೆಗಳನ್ನು ಸೂಚಿಸುತ್ತೇವೆ. ಪ್ರಶ್ನೆಯನ್ನು ಕೇಳಿದವರು ಯಾರು? ಉತ್ತರ ಕೊಡಲು ಹೊಣೆಗಾರರಾದವರೇ ಬಂದು ಉತ್ತರ ಕೊಟ್ಟರೇ? ಮರುವಾರ ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು ಏನಾಯಿತೆಂದು ವಿಚಾರಿಸಿದರೇ? ಧ್ವನಿಯ ಮಾಧುರ್ಯ, ಭಾಷೆಯ ಶುದ್ಧಿ ಇವು ಅನಂತರದ ಮಾತು.

ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮಸಭೆಯಲ್ಲಿ ಎದ್ದುನಿಂತು ನೀರಿನ ಘಟಕವನ್ನು ಕುರಿತು ಕೇಳಲು ಆ ತಾಯಿಗೆ ಹಕ್ಕಿದೆ. ಅಲ್ಲಿ ನ್ಯಾಯಸಮ್ಮತವಾದ ಮಾತು ತರಂಗವನ್ನು ಏರಿದೊಡನೆ ನಿಷೇಧದ ಅಂಜಿಕೆಗೆ ಗುರಿಯಾಗುವುದು ಸಮಂಜಸವಲ್ಲ. ಪಂಚಾಯತಿ, ಪುರಸಭೆಗಳ ನಡವಳಿಯನ್ನು ವರದಿಮಾಡಿ ಚರ್ಚಿಸಲು ಸಮುದಾಯ ಬಾನುಲಿಗೆ ಮೊದಲ ಹೆಜ್ಜೆಯಾಗಿಯಾದರೂ ಅನುಮತಿ ದೊರೆಯಬೇಕು. ಅನುಮತಿಯನ್ನು ಎಲ್ಲರಿಗಿಂತ ಮೊದಲು ಪಡೆದವು ವಿದ್ಯಾಸಂಸ್ಥೆಗಳಾದ್ದರಿಂದ, ಈ ಬೇಡಿಕೆಯನ್ನು ಮುಂದಿಡುವ ಹೊಣೆಯೂ ಮೊದಲು ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದುದಾಗಿದೆ.